ಅಡ್ಯಾರಿನ ಆಲ ಮತ್ತು ಅರ್ಜಿಯ ಒಂದು ಕಾಲಂ

ಮಗಳನ್ನು ಚೆನ್ನೈನ ಶಾಲೆಗೆ ಸೇರಿಸಲು ಹೋದಾಗ ನಾಲ್ಕು ಪುಟದ ಅರ್ಜಿಯೊಂದನ್ನು ಕೈಗೆ ಕೊಟ್ಟರು. ಹುಟ್ಟಿದ ದಿನ, ರಕ್ತದ ಗುಂಪು, ಮಾತೃಭಾಷೆ, ಹಾಕಿಸಿದ ಲಸಿಕೆಗಳು. ಮೊದಲ ಮೂರು ಪುಟ ಐದು ನಿಮಿಷದಲ್ಲಿ ಮುಗಿದವು. ಕೊನೆಯ ಪುಟದಲ್ಲಿ ‘ತಂದೆಯ ಉದ್ಯೋಗ ಮತ್ತು ಹುದ್ದೆ’ ಎಂಬ ಕಾಲಂ ಇತ್ತು. ಪೆನ್ನು ಅಲ್ಲಿ ನಿಂತುಬಿಟ್ಟಿತು. ಪಕ್ಕದಲ್ಲಿ ಕೂತಿದ್ದ ಹೆಂಡತಿ ಒಮ್ಮೆ ನನ್ನ ಮುಖ ನೋಡಿದಳು, ಏನೂ ಹೇಳಲಿಲ್ಲ. ನಾನು ಹಳೆಯ ಹುದ್ದೆಯನ್ನೇ ಬರೆದೆ, ಹಳೆಯ ಕಂಪನಿಯ ಹೆಸರನ್ನೂ ಬರೆದು ಸಹಿ ಹಾಕಿ ಕೊಟ್ಟೆ. ಆ ಕೆಲಸ ಹೋಗಿ ಆಗಲೇ ನಾಲ್ಕು ತಿಂಗಳಾಗಿತ್ತು.

ಈ ಪತ್ರಿಕೆ ಓದುವ ಅನೇಕರಿಗೆ ಇದರ ಹಿಂದಿನ ಕತೆ ಹೇಳಬೇಕಾಗಿಲ್ಲ. ನ್ಯೂಜೆರ್ಸಿಯಲ್ಲಿ ಹನ್ನೊಂದು ವರ್ಷ. ಒಂದು ಮಂಗಳವಾರ ಬೆಳಿಗ್ಗೆ ಹದಿನೈದು ನಿಮಿಷದ ಮೀಟಿಂಗು. ಆಮೇಲೆ ಎಚ್-1ಬಿಯವರಿಗೆಲ್ಲ ಗೊತ್ತಿರುವ ಆ ಅರವತ್ತು ದಿನ. ಅಷ್ಟರಲ್ಲಿ ಬೇರೆ ಕೆಲಸ ಸಿಗಲಿಲ್ಲ. ಹೆಂಡತಿಗೆ ಅವಳ ಕಂಪನಿಯವರು ಚೆನ್ನೈನ ಓಎಂಆರ್ ಆಫೀಸಿನಲ್ಲಿ ಜಾಗ ಕೊಟ್ಟರು. ಬೆಂಗಳೂರಿಗೆ ಹೋಗೋಣವೆಂದರೆ ಅಲ್ಲಿ ನೆಂಟರಿದ್ದಾರೆ, ಕಾಲೇಜಿನ ಗೆಳೆಯರಿದ್ದಾರೆ. ಮದುವೆಗೆ, ಗೃಹಪ್ರವೇಶಕ್ಕೆ ಹೋದರೆ ‘ಯಾವಾಗ ಬಂದೆ, ಯಾವಾಗ ವಾಪಸ್ಸು?’ ಎಂದು ಕೇಳುವವರು ನೂರು ಜನ. ನಿಜ ಹೇಳಬೇಕೆಂದರೆ, ನಾನು ಚೆನ್ನೈಗೆ ಒಪ್ಪಿದ್ದು ಅಲ್ಲಿ ನನ್ನನ್ನು ಯಾರೂ ಕೇಳುವುದಿಲ್ಲ ಎಂಬ ಧೈರ್ಯದ ಮೇಲೆ.

ಆ ಲೆಕ್ಕ ತಪ್ಪಾಗಿತ್ತು. ತಿರುವಾನ್ಮಿಯೂರಿನ ಬಾಡಿಗೆ ಮನೆಗೆ ಬಂದ ಮೂರನೇ ದಿನವೇ ವಾಚ್‌ಮನ್ ಕೇಳಿದ, “ಸಾರ್, ನೀಂಗ ಎನ್ನ ಪಣ್ರೀಂಗ?” ನೀವು ಏನು ಮಾಡ್ತೀರಿ ಅಂತ. ಹೆಂಡತಿ ಎಂಟಕ್ಕೆ ಕ್ಯಾಬ್ ಹತ್ತುತ್ತಾಳೆ, ಮಗಳನ್ನು ಶಾಲೆಗೆ ಬಿಡುವವನು ನಾನು, ಹತ್ತು ಗಂಟೆಗೆ ಸೊಪ್ಪು ತರುವವನೂ ನಾನು. ಅವನಿಗೆ ಅನುಮಾನ ಬಂದದ್ದು ಸಹಜ. “ವರ್ಕ್ ಫ್ರಮ್ ಹೋಮ್” ಅಂದೆ. ಅವನು ತೃಪ್ತನಾದ. ಆವತ್ತಿನಿಂದ ನಾನು ಆ ಕಟ್ಟಡಕ್ಕೆ ‘ವರ್ಕ್ ಫ್ರಮ್ ಹೋಮ್ ಸಾರ್’ ಆದೆ. ಊರಿನಲ್ಲಿ ಅಪ್ಪ ಎಲ್ಲರಿಗೂ ‘ಮಗ ಪ್ರಾಜೆಕ್ಟ್ ಮೇಲೆ ಮದ್ರಾಸಿಗೆ ಬಂದಿದ್ದಾನೆ’ ಎಂದು ಹೇಳಿಕೊಂಡಿದ್ದರು. ಅಪ್ಪನಿಗೆ ಹಾಗೆ ಹೇಳಿದ್ದವನು ನಾನೇ. ಸುಳ್ಳು ಹೇಳಲು ಶುರು ಮಾಡಿದರೆ ಅದನ್ನು ದಿನವೂ ನೀರು ಹಾಕಿ ಸಾಕಬೇಕಾಗುತ್ತದೆ. ಮಧ್ಯಾಹ್ನ ಫೋನ್ ಬಂದರೆ ‘ಮೀಟಿಂಗಲ್ಲಿದ್ದೀನಿ’ ಎಂದು ಪಿಸುಗುಡುತ್ತಿದ್ದೆ, ಕೈಯಲ್ಲಿ ಪಾತ್ರೆ ತೊಳೆಯುವ ನಾರು ಹಿಡಿದುಕೊಂಡು.

ಮಗಳು ಶಾಲೆಯಿಂದ ಬರುವವರೆಗೆ ಆರು ಗಂಟೆ ಕಾಲ. ಅರ್ಜಿ ಹಾಕುವುದು, ಕೋರ್ಸ್ ಮಾಡುವುದು ಎಲ್ಲ ಮುಗಿದರೂ ಎರಡು ಮೂರು ಗಂಟೆ ಉಳಿಯುತ್ತಿತ್ತು. ಮನೆಯಲ್ಲಿ ಕೂತರೆ ತಲೆ ಕೆಡುತ್ತದೆಂದು ನಡೆಯಲು ಶುರು ಮಾಡಿದೆ. ತಿರುವಾನ್ಮಿಯೂರಿನ ಮರುಂದೀಶ್ವರ ದೇವಸ್ಥಾನದ ಕೊಳ ದಾಟಿ, ಬೆಸಂಟ್ ನಗರದ ಎಲಿಯಟ್ಸ್ ಬೀಚಿಗೆ ಬಂದು, ಅಲ್ಲಿನ ಬಿಳಿ ಕಮಾನಿನ ಷ್ಮಿಟ್ ಸ್ಮಾರಕದ ನೆರಳಿನಲ್ಲಿ ಸ್ವಲ್ಪ ಹೊತ್ತು ಕೂತು, ಅಡ್ಯಾರಿನ ಕಡೆ ತಿರುಗುವುದು. ಚೆನ್ನೈನ ಬಿಸಿಲು ಗೊತ್ತಿರುವವರು ನಗಬಹುದು. ಆದರೆ ಕೆಲಸವಿಲ್ಲದವನಿಗೆ ಬಿಸಿಲೂ ಒಂದು ಕೆಲಸ.

ನಡೆಯುತ್ತ ನಡೆಯುತ್ತ ಒಂದು ವಿಷಯ ಹೊಳೆಯಿತು. ಈ ಊರು ಜನರಿಗೆ ಹೆಸರು ಕೊಡುವ ಊರು. ಸಿಂಗಾನಲ್ಲೂರಿನ ಮುತ್ತುರಾಜ್ 1954ರ ‘ಬೇಡರ ಕಣ್ಣಪ್ಪ’ದಿಂದ ರಾಜಕುಮಾರ್ ಆದರು, ಆಮೇಲೆ ವರ್ಷಗಟ್ಟಲೆ ಇಲ್ಲೇ ಮನೆ ಮಾಡಿದ್ದರು. ಬೆಂಗಳೂರಿನ ಸಿಟಿ ಬಸ್ಸಿನಲ್ಲಿ ಟಿಕೆಟ್ ಹರಿಯುತ್ತಿದ್ದ ಶಿವಾಜಿ ರಾವ್ ಗಾಯಕವಾಡ್ ಇಲ್ಲಿಗೆ ಬಂದು, ಕೆ. ಬಾಲಚಂದರ್ ಕೈಯಲ್ಲಿ 1975ರಲ್ಲಿ ರಜನಿಕಾಂತ್ ಆದರು. ಕಾರ್ಕಳ ಕಡೆಯ ಕಡಂದಲೆಯಿಂದ ಬರಿಗೈಯಲ್ಲಿ ಬಂದ ಕೃಷ್ಣರಾಯರು ‘ವುಡ್‌ಲ್ಯಾಂಡ್ಸ್ ಕೃಷ್ಣರಾವ್’ ಆದರು. ನಮ್ಮವರು ಎಷ್ಟೋ ಜನ ಈ ಊರಿಗೆ ಬಂದದ್ದು ಒಂದು ಹೆಸರು ಗಳಿಸಲು. ಇದ್ದ ಹೆಸರು ಕಳೆದುಕೊಂಡು ಬಂದವನು ನಾನೊಬ್ಬನೇ ಇರಬೇಕು ಅನ್ನಿಸುತ್ತಿತ್ತು.

ಹಾಗೆ ಅನ್ನಿಸುತ್ತಿದ್ದ ದಿನಗಳಲ್ಲೇ ಥಿಯಾಸಾಫಿಕಲ್ ಸೊಸೈಟಿಯ ಗೇಟಿನೊಳಗೆ ಕಾಲಿಟ್ಟೆ. ಹೊರಗೆ ಬಸ್ಸು, ಆಟೋಗಳ ಗದ್ದಲ. ಗೇಟು ದಾಟಿ ನೂರು ಹೆಜ್ಜೆ ಹಾಕಿದರೆ ಎಲೆ ಬೀಳುವ ಸದ್ದು. 1875ರಲ್ಲಿ ನ್ಯೂಯಾರ್ಕಿನಲ್ಲಿ ಹುಟ್ಟಿದ ಈ ಸಂಸ್ಥೆ 1882ರಲ್ಲಿ ಅಡ್ಯಾರ್ ನದಿಯ ದಂಡೆಗೆ ಬಂತು. ಈಗ ಇನ್ನೂರೈವತ್ತು ಎಕರೆಗೂ ಹೆಚ್ಚಿನ ತೋಪು. ಒಂದೊಂದು ಧರ್ಮಕ್ಕೂ ಒಂದೊಂದು ಸಣ್ಣ ಗುಡಿ ಇದೆ, ಬೌದ್ಧರದ್ದು, ಕ್ರೈಸ್ತರದ್ದು, ಮುಸ್ಲಿಮರದ್ದು. ಒಂದು ಕಡೆ ನದಿ ಸಮುದ್ರ ಸೇರುವ ಅಳಿವೆ. ಆ ಅಳಿವೆಯ ಮರಳಿನ ಮೇಲೆ 1909ರಲ್ಲಿ ನಡೆದ ಒಂದು ಘಟನೆಯಿಂದ ನನಗೆ ಈ ಜಾಗದ ಹುಚ್ಚು ಹಿಡಿಯಿತು.

ನಮ್ಮ ಕೋಲಾರದ ಗಡಿ ದಾಟಿದರೆ ಸಿಗುವ ಮದನಪಲ್ಲಿಯಲ್ಲಿ 1895ರಲ್ಲಿ ಹುಟ್ಟಿದ ಹುಡುಗ ಜಿಡ್ಡು ಕೃಷ್ಣಮೂರ್ತಿ. ತಾಯಿ ಬೇಗ ತೀರಿಕೊಂಡರು. ತಂದೆ ನಾರಾಯಣಯ್ಯ ಸರ್ಕಾರಿ ಕೆಲಸದಿಂದ ನಿವೃತ್ತರಾಗಿ, 1909ರ ಆರಂಭದಲ್ಲಿ ಸೊಸೈಟಿಯ ಕಚೇರಿ ಕೆಲಸಕ್ಕೆಂದು ಮಕ್ಕಳನ್ನು ಕರೆದುಕೊಂಡು ಅಡ್ಯಾರಿಗೆ ಬಂದರು. ಹುಡುಗನಿಗೆ ಶಾಲೆಯಲ್ಲಿ ಇದ್ದ ಹೆಸರು ‘ದಡ್ಡ’. ಪಾಠ ತಲೆಗೆ ಹತ್ತದೆ ಮೇಷ್ಟರ ಬೆತ್ತ ತಿನ್ನುತ್ತಿದ್ದ. ಅದೇ ವರ್ಷ ಸೊಸೈಟಿಯ ಹಿರಿಯರಾದ ಲೆಡ್‌ಬೀಟರ್ ಅಳಿವೆಯ ಹತ್ತಿರ ಆ ಹುಡುಗನನ್ನು ನೋಡಿ, ಇವನೇ ಮುಂದಿನ ಜಗದ್ಗುರು ಎಂದರು. ಒಂದು ಲೇಬಲ್ ಹೋಯಿತು, ಇನ್ನೊಂದು ಬಂತು. ಎರಡನ್ನೂ ಅವನು ಕೇಳಿರಲಿಲ್ಲ.

1911ರಲ್ಲಿ ಅವನ ಹೆಸರಿನ ಸುತ್ತ ‘ಆರ್ಡರ್ ಆಫ್ ದಿ ಸ್ಟಾರ್ ಇನ್ ದಿ ಈಸ್ಟ್’ ಎಂಬ ಸಂಘ ಕಟ್ಟಿದರು. ಅವನನ್ನೂ ತಮ್ಮ ನಿತ್ಯಾನಂದನನ್ನೂ ಇಂಗ್ಲೆಂಡಿಗೆ ಕರೆದೊಯ್ದು ಬೆಳೆಸಿದರು. ತಂದೆ ನಾರಾಯಣಯ್ಯ ಮಕ್ಕಳನ್ನು ವಾಪಸ್ ಕೊಡಿ ಎಂದು ಆನಿ ಬೆಸೆಂಟರ ಮೇಲೆ ದಾವೆ ಹೂಡಿ 1913ರಲ್ಲಿ ಮದರಾಸ್ ಹೈಕೋರ್ಟಿನಲ್ಲಿ ಗೆದ್ದರು, ಮರುವರ್ಷ ಲಂಡನ್ನಿನ ಪ್ರೀವಿ ಕೌನ್ಸಿಲ್‌ನಲ್ಲಿ ಸೋತರು. 1925ರ ನವೆಂಬರಿನಲ್ಲಿ ನಿತ್ಯಾನಂದ ಕ್ಯಾಲಿಫೋರ್ನಿಯಾದ ಓಹಾಯಿಯಲ್ಲಿ ಕ್ಷಯದಿಂದ ತೀರಿಕೊಂಡಾಗ ಅಣ್ಣ ಭಾರತಕ್ಕೆ ಬರುವ ಹಡಗಿನಲ್ಲಿದ್ದರು. ತಮ್ಮ ಬದುಕುತ್ತಾನೆಂದು ಸುತ್ತಲಿನವರು ಕೊಟ್ಟಿದ್ದ ಭರವಸೆ ಸಮುದ್ರದ ನಡುವೆ ಮುರಿದುಬಿತ್ತು. ಅದಾದ ಮರುತಿಂಗಳೇ ಅಡ್ಯಾರಿನ ದೊಡ್ಡ ಆಲದ ಕೆಳಗೆ ಸೇರಿದ್ದ ಜನರೆದುರು ನಿಂತು ಅವರು ಮಾತಾಡಬೇಕಾಯಿತು.

ಇನ್ನು ನಾಲ್ಕು ವರ್ಷಕ್ಕೆ, 1929ರ ಆಗಸ್ಟ್ 3ರಂದು, ಹಾಲೆಂಡಿನ ಓಮೆನ್‌ನಲ್ಲಿ ಸುಮಾರು ಮೂರು ಸಾವಿರ ಜನರ ಎದುರು, ಸಾಕಿದ ತಾಯಿಯಂತಿದ್ದ ಬೆಸೆಂಟರ ಸಮ್ಮುಖದಲ್ಲೇ, ಆ ಸಂಘವನ್ನು ವಿಸರ್ಜಿಸಿದರು. ನಾನು ಗುರುವಲ್ಲ, ನನಗೆ ಶಿಷ್ಯರು ಬೇಡ ಎಂದರು. ಸಂಘಕ್ಕೆ ದಾನವಾಗಿ ಬಂದ ಕೋಟೆಮನೆ, ಜಮೀನುಗಳೂ ಕೊಟ್ಟವರಿಗೆ ಹಿಂದಿರುಗಿದವು. ಆಗ ಅವರಿಗೆ ಮೂವತ್ತನಾಲ್ಕು ವರ್ಷ. ನನಗಿಂತ ಚಿಕ್ಕವರು.

ಇದನ್ನು ಓದಿದ ಮೊದಲ ಕೆಲವು ವಾರ ನಾನು ತುಂಬ ಉತ್ಸಾಹದಲ್ಲಿದ್ದೆ. ಹುದ್ದೆ, ಸಂಬಳ, ವೀಸಾ, ಲಿಂಕ್ಡ್‌ಇನ್ ಎಲ್ಲವನ್ನೂ ಕಳಚಿಟ್ಟರೆ ಒಳಗೆ ನಿಜವಾದ ನಾನು ಸಿಗುತ್ತೇನೆ ಎಂದುಕೊಂಡೆ. ಕೃಷ್ಣಮೂರ್ತಿಯವರು ಚೆನ್ನೈಗೆ ಬಂದಾಗ ಉಳಿಯುತ್ತಿದ್ದ, ಗ್ರೀನ್‌ವೇಸ್ ರಸ್ತೆಯ ವಸಂತ ವಿಹಾರಕ್ಕೂ ಹೋಗಿ ಮರದಡಿ ಕೂತು ಬಂದೆ. 1986ರ ಜನವರಿಯಲ್ಲಿ ಅವರು ತಮ್ಮ ಕೊನೆಯ ಸಾರ್ವಜನಿಕ ಭಾಷಣ ಮಾಡಿದ್ದು ಅಲ್ಲೇ. ಮರುತಿಂಗಳು ಓಹಾಯಿಯಲ್ಲಿ ತೀರಿಕೊಂಡರು. ಮರಗಳ ನೆರಳು ತಣ್ಣಗಿತ್ತು. ನನ್ನೊಳಗೆ ಮಾತ್ರ ಯಾವ ಋಷಿಯೂ ಸಿಗಲಿಲ್ಲ. ಸಿಕ್ಕಿದ್ದು ಬೇಗ ಸಿಟ್ಟಾಗುವ, ಹೆಂಡತಿಯ ಸಂಬಳದ ಮೆಸೇಜ್ ಬಂದಾಗ ಸಣ್ಣಗೆ ಕಹಿಯಾಗುವ, ಮಗಳು ‘ಅಪ್ಪಾ, ನೀನು ಆಫೀಸಿಗೆ ಯಾವಾಗ ಹೋಗ್ತೀಯ?’ ಅಂದರೆ ಮಾತು ಬದಲಿಸುವ ಒಬ್ಬ ಮನುಷ್ಯ. ಇವನು ಹಿಂದೆಯೂ ಇದ್ದ. ಹುದ್ದೆಯ ಕೆಳಗೆ ಕಾಣುತ್ತಿರಲಿಲ್ಲ, ಅಷ್ಟೆ.

ಇನ್ನೊಂದು ಸಂಶಯವೂ ಕಾಡಿತು. ಪಟ್ಟ ಬಿಟ್ಟವರಿಗೆ ಮನೆ ಇತ್ತು, ಸ್ನೇಹಿತರಿದ್ದರು, ಕರೆದು ಊಟ ಹಾಕುವವರು ಎಲ್ಲ ದೇಶದಲ್ಲೂ ಇದ್ದರು. ಅವರು ಬಿಟ್ಟರು, ನನ್ನನ್ನು ಬಿಡಿಸಿದರು. ಎರಡೂ ಒಂದೇ ಅಂದುಕೊಳ್ಳುವುದು ನನಗೆ ನಾನೇ ಹೇಳಿಕೊಳ್ಳುವ ಇನ್ನೊಂದು ಸುಳ್ಳು. ಅಲ್ಲದೆ ಗುರುವಲ್ಲ ಎಂದವರನ್ನೂ ಜನ ಮುಂದಿನ ಐವತ್ತಾರು ವರ್ಷ ಗುರುವಿನ ಹಾಗೆಯೇ ನೋಡಿದರು. ಲೇಬಲ್ ಅಂಟಿಸುವುದನ್ನು ಲೋಕ ನಿಲ್ಲಿಸುವುದಿಲ್ಲ.

ಈ ಸ್ಥಿತಿಯಲ್ಲಿದ್ದಾಗ ಡಿಸೆಂಬರಿನಲ್ಲಿ ಅಪ್ಪ ಬಂದರು. ತಿಪಟೂರಿನ ಹತ್ತಿರದ ನಮ್ಮೂರಿನಿಂದ ಬೆಂಗಳೂರಿಗೆ, ಅಲ್ಲಿಂದ ರೈಲಿನಲ್ಲಿ ಚೆನ್ನೈ ಸೆಂಟ್ರಲ್‌ಗೆ. ಬಿಳಿ ಪಂಚೆ, ತೋಳಿನಲ್ಲಿ ಜೋತಾಡುವ ಚೀಲ, ಚೀಲದಲ್ಲಿ ಹತ್ತು ಕೊಬ್ಬರಿ ಗಿಟುಕು. ಮೂವತ್ತೈದು ವರ್ಷ ಹೈಸ್ಕೂಲಿನಲ್ಲಿ ಪಾಠ ಮಾಡಿದವರು. ನಿವೃತ್ತರಾಗಿ ಹದಿನೈದು ವರ್ಷವಾದರೂ ಊರಿಗೆಲ್ಲ ಇವತ್ತಿಗೂ ‘ಮೇಷ್ಟ್ರು’. ಎಪ್ಪತ್ತರ ದಶಕದಲ್ಲಿ ಶಾಲೆಯಿಂದ ಟೂರ್ ಬಂದಿದ್ದಾಗ ಡ್ರೈವ್-ಇನ್ ವುಡ್‌ಲ್ಯಾಂಡ್ಸ್‌ನಲ್ಲಿ ದೋಸೆ ತಿಂದಿದ್ದರಂತೆ. ಕಾರಿನೊಳಗೆ ಕೂತವರಿಗೆ ಕಾರಿನ ಬಾಗಿಲಿಗೇ ತಟ್ಟೆ ಸಿಕ್ಕಿಸಿ ತಿಂಡಿ ಕೊಡುತ್ತಿದ್ದ ಅದ್ಭುತವನ್ನು ನಾವು ಮಕ್ಕಳಾಗಿದ್ದಾಗ ನೂರು ಸಲ ಹೇಳಿದ್ದರು. “ಮೊದಲು ಅಲ್ಲಿಗೆ ಹೋಗಣ” ಅಂದರು.

ಕೆಥೆಡ್ರಲ್ ರಸ್ತೆಗೆ ಕರೆದುಕೊಂಡು ಹೋದೆ. ಕೃಷ್ಣರಾಯರು 1962ರಲ್ಲಿ ಶುರು ಮಾಡಿದ ಆ ಹೋಟೆಲು 2008ರಲ್ಲಿ ಮುಚ್ಚಿತು. ಈಗ ಅಲ್ಲಿರುವುದು 2010ರಲ್ಲಿ ತೆರೆದ ಸೆಮ್ಮೊಳಿ ಪೂಂಗಾ ಎಂಬ ಸರ್ಕಾರಿ ಉದ್ಯಾನ. ಅಪ್ಪ ಒಳಗೆ ಹೋಗಿ ಒಂದು ಕಲ್ಲು ಬೆಂಚಿನ ಮೇಲೆ ಕೂತು ಮರಗಳನ್ನೇ ನೋಡುತ್ತಿದ್ದರು. “ಬೋರ್ಡು ಹೋಗಿದೆ, ಜಾಗ ಇದೆಯಲ್ಲ” ಅಂದರು. ಅವರಿಗೆ ಬೇಸರವಾಗಿದೆಯೋ ಇಲ್ಲವೋ ತಿಳಿಯಲಿಲ್ಲ. ಬರುವಾಗ ದಾರಿಯಲ್ಲಿ ಬೇರೊಂದು ಹೋಟೆಲಿನಲ್ಲಿ ದೋಸೆ ತಿಂದು, “ಪರವಾಗಿಲ್ಲ” ಎಂದು ಸರ್ಟಿಫಿಕೇಟ್ ಕೊಟ್ಟರು.

ಮರುದಿನ ಬೆಳಿಗ್ಗೆ ಅಡ್ಯಾರಿಗೆ ಹೋದೆವು. ಮಾರ್ಗಳಿ ಮಾಸ, ಮನೆಮನೆ ಮುಂದೆ ದೊಡ್ಡ ದೊಡ್ಡ ಕೋಲಂ, ಚೆನ್ನೈ ಸಹಿಸಿಕೊಳ್ಳುವಂತಿರುವ ತಿಂಗಳು. ಸೊಸೈಟಿಯ ಒಳಗೆ ನಡೆಯುತ್ತ ಕೃಷ್ಣಮೂರ್ತಿಯವರ ಕತೆ ಹೇಳಿದೆ. ಅಪ್ಪ ಪೂರ್ತಿ ಕೇಳಿಸಿಕೊಂಡು, ನಾನು ಎಂದೂ ಯೋಚಿಸದ ಪ್ರಶ್ನೆ ಕೇಳಿದರು. “ಆ ನಾರಾಯಣಯ್ಯ ಕೋರ್ಟಿನಲ್ಲಿ ಸೋತ ಮೇಲೆ ಎಲ್ಲಿಗೆ ಹೋದ್ರು?” ನನ್ನ ಹತ್ತಿರ ಉತ್ತರ ಇರಲಿಲ್ಲ. ಕತೆಯನ್ನು ಇಷ್ಟು ದಿನ ಮಗನ ಕಡೆಯಿಂದ ಮಾತ್ರ ಓದಿದ್ದೆ.

ಆಲದ ಹತ್ತಿರ ಬಂದೆವು. ಇದಕ್ಕೆ ನಾನೂರೈವತ್ತು ವರ್ಷದ ಆಸುಪಾಸು ಎನ್ನುತ್ತಾರೆ. ಅಪ್ಪ ತೋಟದ ಮನುಷ್ಯ, ಮರ ಕಂಡರೆ ಮೊದಲು ಬುಡ ನೋಡುವವರು. ಬಿಳಲುಗಳ ನಡುವೆ ಕಣ್ಣು ಹಾಯಿಸುತ್ತ ಸುತ್ತು ಹಾಕಿದರು. “ತಾಯಿಬುಡ ಎಲ್ಲಿ?” ಅಂದರು.

“ಇಲ್ಲ ಅಪ್ಪ. 1989ರ ಬಿರುಗಾಳಿಯಲ್ಲಿ ಬಿದ್ದುಹೋಯಿತು.”

“ಮತ್ತೆ ಇದೆಲ್ಲ?”

“ಬಿಳಲುಗಳೇ. ನೆಲಕ್ಕೆ ಇಳಿದವು ಬೇರು ಬಿಟ್ಟು ನಿಂತಿವೆ.”

ಅಪ್ಪ ತಲೆಯಾಡಿಸಿದರು. ಒಂದು ಬಿಳಲಿನ ಕಡೆ ಕೈ ತೋರಿಸಿ ಅದರ ದಪ್ಪ ಅಂದಾಜು ಮಾಡಿದರು. ಆಮೇಲೆ, ಮರವನ್ನೇ ನೋಡುತ್ತ, ತೆಂಗಿನಕಾಯಿಯ ರೇಟು ಕೇಳುವಷ್ಟೇ ಸಹಜವಾಗಿ ಕೇಳಿದರು. “ಕೆಲಸ ಹೋಗಿ ಎಷ್ಟು ತಿಂಗಳಾಯ್ತು?”

ಬಾಯಿ ಒಣಗಿತು. ಹತ್ತು ತಿಂಗಳು ಎಂದೆ. “ನಿಮಗೆ ಯಾರು ಹೇಳಿದ್ರು?”

“ಯಾರು ಹೇಳಬೇಕು? ಬುಧವಾರ ಹನ್ನೊಂದು ಗಂಟೆಗೆ ಫೋನ್ ಮಾಡಿ ಹುಳಿಗೆ ಬೇಳೆ ಎಷ್ಟು ಅಂತ ಅಮ್ಮನ್ನ ಕೇಳೋ ಮ್ಯಾನೇಜರು ಯಾವ ಕಂಪನೀಲಿ ಇರ್ತಾನೆ?”

ನನಗೆ ನಗು ಬಂತು, ಅದರ ಜೊತೆಗೇ ಕಣ್ಣಲ್ಲಿ ನೀರೂ ಬಂತು. ಅಪ್ಪ ಅದನ್ನು ನೋಡದ ಹಾಗೆ ಮುಂದೆ ನಡೆದರು. ಒಂದು ಬೆಂಚಿನ ಮೇಲೆ ಕೂತ ಮೇಲೆ ಅವರು ಹೇಳಿದ್ದನ್ನು ನಾನು ಅದಕ್ಕೆ ಮುಂಚೆ ಕೇಳಿರಲಿಲ್ಲ. ನಿವೃತ್ತರಾದ ವರ್ಷ ಜೂನ್ ತಿಂಗಳು ಶಾಲೆ ಶುರುವಾದ ದಿನ ಅವರು ಎಂದಿನಂತೆ ಸ್ನಾನ ಮಾಡಿ, ಇಸ್ತ್ರಿ ಅಂಗಿ ಹಾಕಿಕೊಂಡು, ಜೇಬಿಗೆ ಪೆನ್ನು ಸಿಕ್ಕಿಸಿಕೊಂಡು ಬಸ್‌ಸ್ಟ್ಯಾಂಡಿಗೆ ಹೋದರಂತೆ. ಬಸ್ಸು ಬಂತು, ಹೋಯಿತು. ಹತ್ತಲಿಲ್ಲ. ಕಲ್ಲು ಬೆಂಚಿನ ಮೇಲೆ ಶಾಲೆಯ ಗಂಟೆ ಹೊಡೆಯುವ ಹೊತ್ತಿನವರೆಗೆ ಕೂತು ಮನೆಗೆ ಬಂದರಂತೆ. “ನಿಮ್ಮಮ್ಮಂಗೆ ಪೋಸ್ಟಾಫೀಸಿಗೆ ಹೋಗಿದ್ದೆ ಅಂದೆ. ಒಂದು ವಾರ ದಿನಾ ಪೋಸ್ಟಾಫೀಸಿಗೆ ಹೋದೆ.”

“ಆಮೇಲೆ?”

“ಆಮೇಲೇನು. ಒಂದಿನ ಅಂಗಿ ಇಸ್ತ್ರಿ ಆಗಿರಲಿಲ್ಲ. ಬನಿಯನ್ನಲ್ಲೇ ತೋಟಕ್ಕೆ ಹೋದೆ.”

ಇಷ್ಟೇ. ಅದಕ್ಕೊಂದು ನೀತಿ ಅವರು ಸೇರಿಸಲಿಲ್ಲ. ಮೇಷ್ಟರಾಗಿದ್ದೂ ಸೇರಿಸಲಿಲ್ಲ. ಎದ್ದು ನಿಂತು ಪಂಚೆಗೆ ಅಂಟಿದ್ದ ಮಣ್ಣು ಕೊಡವುತ್ತ, “ನಂಗೆ ಸುಳ್ಳು ಹೇಳಿದ್ದಕ್ಕೆ ಬೇಜಾರಿಲ್ಲ. ನಿನ್ನ ಸುಳ್ಳನ್ನ ಊರಿಗೆಲ್ಲ ಹೇಳಿ ಹೇಳಿ ನಂಗೂ ಸುಸ್ತಾಗಿದೆ ಕಣಪ್ಪ” ಅಂದರು.

ಆ ಮಾತು ನಾಟಿತು. ಆವತ್ತಿನವರೆಗೆ ಹುದ್ದೆ ಹೋದದ್ದು ನನ್ನ ಕಷ್ಟ, ನನ್ನೊಬ್ಬನ ಗುಟ್ಟು ಎಂದುಕೊಂಡಿದ್ದೆ. ಹೆಂಡತಿ ಅದನ್ನು ಆಫೀಸಿನ ಗೆಳತಿಯರ ಮುಂದೆ, ಅಪ್ಪ ಅಂಚೆಮನೆಯ ಮುಂದೆ, ಮಗಳು ಶಾಲೆಯ ವ್ಯಾನಿನಲ್ಲಿ ಹೊತ್ತುಕೊಂಡು ತಿರುಗುತ್ತಿದ್ದರು. ಕೃಷ್ಣಮೂರ್ತಿಯವರು ಓಮೆನ್‌ನಲ್ಲಿ ಮಾಡಿದ್ದರ ಬಗ್ಗೆಯೂ ಆಗ ಒಂದು ಯೋಚನೆ ಬಂತು. ಪಟ್ಟ ಬಿಟ್ಟದ್ದು ಮಾತ್ರ ದೊಡ್ಡದಲ್ಲ. ಮೂರು ಸಾವಿರ ಜನರ ಎದುರು, ತನ್ನನ್ನು ನಂಬಿದವರ ಮುಖ ನೋಡುತ್ತ, ನೀವು ಅಂದುಕೊಂಡವನು ನಾನಲ್ಲ ಎಂದು ಬಾಯಿಬಿಟ್ಟು ಹೇಳಿದರಲ್ಲ, ಕಷ್ಟದ್ದು ಅದು. ‘ನಿಜವಾದ ನಾನು’ ಎಲ್ಲೋ ಆಳದಲ್ಲಿ ಹುಡುಕಿ ತೆಗೆಯುವ ನಿಧಿ ಎಂದು ನಾನು ತಿಂಗಳುಗಟ್ಟಲೆ ಅಗೆದಿದ್ದೆ. ನನಗೆ ಬೇಕಾಗಿದ್ದುದು ಕೇಳಿದವರಿಗೆ ಒಂದು ವಾಕ್ಯ ಹೇಳುವ ಧೈರ್ಯ: ಸದ್ಯ ನನಗೆ ಕೆಲಸ ಇಲ್ಲ.

ಆವತ್ತು ಸಂಜೆ ಅಪ್ಪನನ್ನು ಎಲಿಯಟ್ಸ್ ಬೀಚಿಗೆ ಕರೆದುಕೊಂಡು ಹೋಗಿ ಸುಂಡಲ್ ಕೊಡಿಸಿದೆ. ಸಮುದ್ರಕ್ಕೆ ಬೆನ್ನು ಹಾಕಿ ಕೂತು ಜನರನ್ನು ನೋಡುತ್ತಿದ್ದರು. ದೂರ ಉತ್ತರಕ್ಕೆ ಅಳಿವೆಯ ಕಡೆ ಕೈ ತೋರಿಸಿ ಇನ್ನೊಂದು ವಿಷಯ ಹೇಳಿದೆ. ಸೊಸೈಟಿಯಿಂದ ದೂರವಾದ ಕೃಷ್ಣಮೂರ್ತಿಯವರು ದಶಕಗಳ ಕಾಲ ಪಕ್ಕದಲ್ಲೇ ಉಳಿಯುತ್ತಿದ್ದರೂ ಆ ಗೇಟಿನೊಳಗೆ ಹೋಗಲಿಲ್ಲ. 1980ರಲ್ಲಿ ರಾಧಾ ಬರ್ನಿಯರ್ ಅಧ್ಯಕ್ಷೆಯಾಗಿ ಆಹ್ವಾನಿಸಿದ ಮೇಲೆ, ಎಂಬತ್ತೈದನೇ ವಯಸ್ಸಿನಲ್ಲಿ, ಮತ್ತೆ ಆ ತೋಪಿನಲ್ಲಿ ನಡೆದು ಸಮುದ್ರದ ಕಡೆ ಹೋದರು. ಅಪ್ಪ, “ಎಷ್ಟು ವರ್ಷ ಆಗಿತ್ತು?” ಅಂದರು. ಸುಮಾರು ಐವತ್ತು ಎಂದೆ. “ನೀನು ಅಷ್ಟು ವರ್ಷ ಮಾಡಬೇಡ. ಯುಗಾದಿಗೆ ಊರಿಗೆ ಬಾ” ಅಂದರು.

ಮನೆಗೆ ಬಂದಾಗ ವಾಚ್‌ಮನ್ ಅಪ್ಪನಿಗೆ ಕೈಮುಗಿದು ಅವನ ಅರ್ಧಂಬರ್ಧ ಕನ್ನಡದಲ್ಲಿ, “ಸಾರ್ ತುಂಬ ಬಿಜಿ, ವರ್ಕ್ ಫ್ರಮ್ ಹೋಮ್” ಅಂದ. ನಾನು ನನ್ನ ಅರ್ಧಂಬರ್ಧ ತಮಿಳಿನಲ್ಲಿ, “ಇಲ್ಲಣ್ಣ, ಇಪ್ಪೋ ವೇಲೆ ಇಲ್ಲೆ, ತೇಡಿಟ್ಟಿರುಕ್ಕೇನ್” ಅಂದೆ. ಕೆಲಸ ಇಲ್ಲ, ಹುಡುಕುತ್ತಿದ್ದೇನೆ ಎಂದು. ಅವನು ಒಂದು ಕ್ಷಣ ನೋಡಿ, ತನ್ನ ಭಾವಮೈದನಿಗೂ ಹೀಗೇ ಆಗಿತ್ತು ಸಾರ್, ಸಿಕ್ಕೇ ಸಿಗುತ್ತೆ ಎಂದು, ಲಿಫ್ಟಿನ ಬಾಗಿಲು ತೆಗೆದ. ಭೂಮಿ ಬಾಯಿಬಿಡಲಿಲ್ಲ.

ಜನವರಿಯಲ್ಲಿ ಶಾಲೆಗೆ ಹೋಗಿ, ಅರ್ಜಿಯಲ್ಲಿ ಒಂದು ವಿವರ ತಪ್ಪಾಗಿದೆ, ತಿದ್ದಬೇಕು ಅಂದೆ. ಆಫೀಸಿನ ಮೇಡಂ ಫೈಲ್ ತೆಗೆದರು. ಹಳೆಯ ಹುದ್ದೆಯ ಮೇಲೆ ಗೆರೆ ಎಳೆದು, ಪಕ್ಕದಲ್ಲಿ ‘ಸದ್ಯಕ್ಕೆ ಉದ್ಯೋಗವಿಲ್ಲ’ ಎಂದು ಇಂಗ್ಲಿಷಿನಲ್ಲಿ ಬರೆದು ಸಣ್ಣ ಸಹಿ ಹಾಕಿದೆ. ಏನಾದರೂ ಕೇಳುತ್ತಾರೆಂದು ಎರಡು ಮೂರು ಉತ್ತರ ಸಿದ್ಧ ಮಾಡಿಕೊಂಡು ಹೋಗಿದ್ದೆ. ಅವರು ನೋಡಲೂ ಇಲ್ಲ. “ರಕ್ತದ ಗುಂಪು ಬದಲಾಗಿಲ್ಲ ತಾನೆ ಸಾರ್?” ಎಂದು ನಕ್ಕು ಫೈಲ್ ಮುಚ್ಚಿದರು. ಎಂಟು ತಿಂಗಳು ನಿದ್ದೆ ಕೆಡಿಸಿದ್ದ ಕಾಲಂ ಅದು.

ಈಗ ಮತ್ತೆ ಕೆಲಸ ಸಿಕ್ಕಿದೆ. ಹಳೆಯದಕ್ಕಿಂತ ಒಂದು ಮೆಟ್ಟಿಲು ಕೆಳಗಿನ ಹುದ್ದೆ, ತರಮಣಿಯಲ್ಲಿ ಆಫೀಸು. ಕೊರಳಿಗೆ ಐಡಿ ಕಾರ್ಡ್ ಹಾಕಿಕೊಂಡ ಮೊದಲ ದಿನ ಖುಷಿಯಾಯಿತು, ಅದನ್ನು ಮುಚ್ಚಿಡುವುದಿಲ್ಲ. ಮನೆಗೆ ಬಂದ ಮೇಲೂ ಒಂದು ಗಂಟೆ ತೆಗೆಯಲೇ ಇಲ್ಲ, ಮಗಳು ನೆನಪಿಸಬೇಕಾಯಿತು. ಯುಗಾದಿಗೆ ಊರಿಗೆ ಹೋಗಿದ್ದಾಗ ಅಂಚೆಮನೆಯ ಹತ್ತಿರ ಒಬ್ಬರು “ಏನಪ್ಪ, ಅಮೆರಿಕಾ ಪ್ರಾಜೆಕ್ಟ್ ಮುಗೀತಾ?” ಅಂದರು. ಅಪ್ಪ ನನ್ನ ಕಡೆ ನೋಡಿದರು. ನಡೆದದ್ದನ್ನೆಲ್ಲ ನಿಂತಲ್ಲೇ ಹೇಳಿದೆ. ಅವರು ತಮ್ಮ ಮಗನಿಗೂ ಬೆಂಗಳೂರಿನಲ್ಲಿ ಮೂರು ತಿಂಗಳಿಂದ ಕೆಲಸವಿಲ್ಲ ಎಂದು ಮೆಲ್ಲಗೆ ಹೇಳಿ, ಅವನ ಬಯೋಡೇಟಾ ಕಳಿಸಲು ನನ್ನ ನಂಬರ್ ತೆಗೆದುಕೊಂಡರು.